ಮೊದಲು ನಿದ್ದೆ ಕೊಡಿ, ಪ್ರಾಣಾಯಾಮ ಆಮೇಲೆ

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಾವೆಲ್ಲ ಸೇರಿ ಅವರನ್ನು ತಿಂಗಳುಗಟ್ಟಲೆ ಹಂಗಿಸಿದೆವು. ಮೀಮ್‌ಗಳು ಬಂದವು, ಸಂಪಾದಕೀಯಗಳು ಬಂದವು, ಇಷ್ಟು ದುಡಿದರೆ ಹೃದಯ ಕೆಡುತ್ತದೆ, ಮನಸ್ಸು ಕೆಡುತ್ತದೆ ಎಂದು ವೈದ್ಯರು ಎಚ್ಚರಿಸಿದರು. ಮರುವರ್ಷ, 2024ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆಯೊಂದು ತನ್ನ ವರದಿ ಕೊಟ್ಟಿತು. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದು ಎಂಬುದು ಅದರ ಒಂದು ಶಿಫಾರಸು. ವಾರದಲ್ಲಿ ಒಂದು ದಿನ 24 ಗಂಟೆಯ ಪಾಳಿ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. ಆ ಕಾರ್ಯಪಡೆಯ ಕೆಲಸವೇ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಯೋಗಕ್ಷೇಮವನ್ನು ನೋಡುವುದಾಗಿತ್ತು. ಅಂದರೆ ಈ 74 ಯಾವ ಉದ್ಯಮಿಯ ದುರಾಸೆಯ ಲೆಕ್ಕವೂ ಅಲ್ಲ, ಯೋಗಕ್ಷೇಮದ ಲೆಕ್ಕ. ಯಾರೂ ಮೀಮ್ ಮಾಡಲಿಲ್ಲ. ನನಗೆ ಗೊತ್ತಿರುವ ಪಿಜಿ ಡಾಕ್ಟರುಗಳಂತೂ ಖುಷಿಪಟ್ಟರು, ಅಷ್ಟಕ್ಕಾದರೂ ನಿಲ್ಲಲಿ ಎಂದು.

ಕಾರ್ಯಪಡೆಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರೊಬ್ಬರ ಅಧ್ಯಕ್ಷತೆಯಲ್ಲಿ ಅದು ಮಾಡಿದ ಕೆಲಸವನ್ನು ಅದಕ್ಕೆ ಮೊದಲು ಈ ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಮಾಡಿರಲಿಲ್ಲ. 25,590 ಪದವಿ ವಿದ್ಯಾರ್ಥಿಗಳು, 5,337 ಸ್ನಾತಕೋತ್ತರ ವಿದ್ಯಾರ್ಥಿಗಳು, 7,035 ಅಧ್ಯಾಪಕರು ಅದರ ಆನ್‌ಲೈನ್ ಸಮೀಕ್ಷೆಗೆ ಉತ್ತರ ಕೊಟ್ಟರು. ತಾವಾಗಿ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆ ಇದು, ಆದ್ದರಿಂದ ಇದನ್ನು ಜನಗಣತಿಯಂತೆ ಓದಬಾರದು. ಹಾಗಿದ್ದೂ, ಕಳೆದ ಹನ್ನೆರಡು ತಿಂಗಳಲ್ಲಿ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ಶೇ. 16.2, ಪಿಜಿಗಳಲ್ಲಿ ಶೇ. 31.2. ಮೂರರಲ್ಲಿ ಹೆಚ್ಚುಕಡಿಮೆ ಒಬ್ಬರು. ಮಧ್ಯಮದಿಂದ ಅತಿ ಹೆಚ್ಚಿನ ಒತ್ತಡವಿದೆ ಎಂದ ಪಿಜಿಗಳು ಶೇ. 84. ವಾರದ ರಜೆ ಸರಿಯಾಗಿ ಸಿಗುವುದಿಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು. ಇನ್ನು ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಅದೇ ಆಯೋಗ ಕೊಟ್ಟ ಲೆಕ್ಕವೊಂದಿದೆ: ಐದು ವರ್ಷಗಳಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವೈದ್ಯ ವಿದ್ಯಾರ್ಥಿಗಳು 122. ಅವರಲ್ಲಿ 64 ಮಂದಿ ಎಂಬಿಬಿಎಸ್, 58 ಮಂದಿ ಪಿಜಿ. ಎಂಬಿಬಿಎಸ್ ಓದುವವರಿಗೆ ಹೋಲಿಸಿದರೆ ಪಿಜಿ ಓದುವವರ ಸಂಖ್ಯೆ ಬಹಳ ಚಿಕ್ಕದು ಎನ್ನುವುದನ್ನು ನೆನಪಿಟ್ಟುಕೊಂಡು ಆ ಎರಡನೆಯ ಅಂಕಿಯನ್ನು ನೋಡಬೇಕು. ಅದೇ ಅವಧಿಯಲ್ಲಿ ಓದು ಬಿಟ್ಟು ಹೋದವರು 1,270, ಅವರಲ್ಲಿ 1,117 ಮಂದಿ ಪಿಜಿಗಳೇ. ಎಂಬಿಬಿಎಸ್ ದಾಟಿ, ಮತ್ತೊಂದು ನೀಟ್ ಪರೀಕ್ಷೆ ಗೆದ್ದು, ಸೀಟು ಸಿಕ್ಕ ಮೇಲೆ ಬಿಟ್ಟು ಹೋದವರು ಇವರು. ಓದಲಾಗದೆ ಬಿಟ್ಟರು ಎನ್ನಲು ಇವರ ವಿಷಯದಲ್ಲಂತೂ ಬರುವುದಿಲ್ಲ.

ಈ ಅಂಕಿಗಳು ಬಂದಾಗಲೆಲ್ಲ ನಮ್ಮ ಕಾಲೇಜುಗಳು ಏನು ಮಾಡುತ್ತವೆ ಎನ್ನುವುದು ಎಲ್ಲರಿಗೂ ಗೊತ್ತಿದೆ. ಒಂದು ‘ವೆಲ್‌ನೆಸ್ ಡೇ’ ಮಾಡುತ್ತವೆ. ಆಡಿಟೋರಿಯಂನಲ್ಲಿ ದೀಪ ಬೆಳಗಿಸುತ್ತಾರೆ, ಗಣ್ಯರಿಗೆ ಶಾಲು ಹೊದಿಸುತ್ತಾರೆ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಬಗೆ ಕುರಿತು ಅತಿಥಿಗಳು ಒಂದೂವರೆ ಗಂಟೆ ಮಾತಾಡುತ್ತಾರೆ, ಕೊನೆಗೆ ಐದು ನಿಮಿಷ ಕಣ್ಣು ಮುಚ್ಚಿ ಉಸಿರಾಡಿಸುತ್ತಾರೆ. ಆ ಐದು ನಿಮಿಷದಲ್ಲಿ ಹಿಂದಿನ ಸಾಲಿನವರು ನಿಜವಾಗಿಯೂ ನಿದ್ದೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದಲ್ಲಿ ಚಿಕಿತ್ಸೆ ಎನ್ನಬಹುದಾದದ್ದು ಅದೊಂದೇ. ಕಾರ್ಯಕ್ರಮದ ಹಾಜರಿ ಕಡ್ಡಾಯ, ಸಮಯ ಮಾತ್ರ ಡ್ಯೂಟಿಯಿಂದ ಕಳೆಯುವುದಲ್ಲ, ರಜೆಯಿಂದ ಕಳೆಯುವುದು.

ಯೋಗ, ಧ್ಯಾನ, ಆಪ್ತಸಲಹೆ ಯಾವುದೂ ಕೆಟ್ಟದ್ದಲ್ಲ. ಖಿನ್ನತೆ ಇರುವವರಿಗೆ ಚಿಕಿತ್ಸೆ ಬೇಕು, ಅದೂ ಬೇಗ ಬೇಕು. ನನ್ನ ತಕರಾರು ರೋಗ ಇರುವ ಜಾಗದ ಬಗ್ಗೆ. ವಾರಕ್ಕೆ ಎಂಬತ್ತು ತೊಂಬತ್ತು ಗಂಟೆ ದುಡಿಯುವ ಮನುಷ್ಯನಿಗೆ ಅಳು ಬರುತ್ತದೆ, ಮರೆವು ಬರುತ್ತದೆ, ಬದುಕು ಸಾಕೆನಿಸುತ್ತದೆ. ಅದನ್ನು ಅವನೊಳಗಿನ ದೌರ್ಬಲ್ಯ ಎಂದು ಹೆಸರಿಟ್ಟು ಆಪ್ತಸಲಹೆಗೆ ಕಳಿಸಿಬಿಟ್ಟರೆ ಡ್ಯೂಟಿ ಪಟ್ಟಿ ಹಾಗೇ ಉಳಿಯುತ್ತದೆ. ವೆಲ್‌ನೆಸ್ ಡೇಯ ನಿಜವಾದ ಲಾಭ ಆ ಪಟ್ಟಿಗೆ.

ಇದಕ್ಕೆಲ್ಲ ಆಧಾರವಾಗಿರುವುದು ಒಂದು ಪದದ ಆಟ. ಪಿಜಿ ಮಾಡುತ್ತಿರುವವರು ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ ಹೊಲಿಗೆ ಹಾಕುವಾಗ ಡಾಕ್ಟರು. ರೋಗಿಯ ಕಡೆಯವರು ಕೊರಳಪಟ್ಟಿ ಹಿಡಿದಾಗಲೂ ಡಾಕ್ಟರೇ. ಸ್ಟೈಪೆಂಡ್ ಯಾಕೆ ಬಂದಿಲ್ಲ, ವಾರದ ರಜೆ ಎಲ್ಲಿ, ರಾತ್ರಿ ಪಾಳಿಯ ಮಾರನೆಯ ದಿನ ಮನೆಗೆ ಯಾಕೆ ಬಿಡುವುದಿಲ್ಲ ಎಂದು ಕೇಳಿದ ತಕ್ಷಣ ಮಾತ್ರ ವಿದ್ಯಾರ್ಥಿ. ಕಲಿಯಲು ಬಂದವರಿಗೆ ಗಂಟೆಯ ಲೆಕ್ಕ ಯಾಕಪ್ಪಾ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೂ ಈ ಆಟ ಸ್ವಲ್ಪ ಪರಿಚಿತವೇ. ಇಲಾಖೆಯ ಸೆಮಿನಾರಿಗೆ ಕುರ್ಚಿ ಹಾಕಿಸುವಾಗ, ಉತ್ತರಪತ್ರಿಕೆಗಳ ಕಟ್ಟು ಹೊರುವಾಗ ನಾವು ಸಿಬ್ಬಂದಿ, ಫೆಲೋಶಿಪ್ ಕೇಳಿದಾಗ ವಿದ್ಯಾರ್ಥಿ. ಆದರೆ ನಾನು ನಿದ್ದೆಗಣ್ಣಲ್ಲಿ ತಪ್ಪಿದರೆ ಒಂದು ಅಡಿಟಿಪ್ಪಣಿ ತಪ್ಪಾದೀತು. ಅವರು ತಪ್ಪಿದರೆ ಇನ್ಸುಲಿನ್‌ನ ಪ್ರಮಾಣ ತಪ್ಪುತ್ತದೆ.

ಇವರು ವಿದ್ಯಾರ್ಥಿಗಳೋ ಕೆಲಸಗಾರರೋ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ವಿದ್ಯಾರ್ಥಿಗಳು ಮುಷ್ಕರ ಹೂಡಿದರೆ ನಿಲ್ಲಬೇಕಾದ್ದು ತರಗತಿ. ಇವರು ಹೂಡಿದರೆ ಒಪಿಡಿ ನಿಲ್ಲುತ್ತದೆ. 2020ರಲ್ಲಿ, ಕೊರೊನಾದ ನಡುವೆ, ತಿಂಗಳುಗಟ್ಟಲೆ ಬಾರದ ಸ್ಟೈಪೆಂಡಿಗಾಗಿ ದಾವಣಗೆರೆಯಲ್ಲಿ ವೈದ್ಯ ವಿದ್ಯಾರ್ಥಿಗಳು ಬಿಳಿ ಕೋಟು ಹಾಕಿಕೊಂಡೇ ಧರಣಿ ಕೂತದ್ದನ್ನು ಓದುಗರು ಮರೆತಿರಲಾರರು. 2024ರ ಆಗಸ್ಟ್‌ನಲ್ಲಿ ರಾಜ್ಯದ ಸರ್ಕಾರಿ ಆಸ್ಪತ್ರೆಗಳ ರೆಸಿಡೆಂಟ್ ವೈದ್ಯರು ಸ್ಟೈಪೆಂಡ್ ಹೆಚ್ಚಳಕ್ಕಾಗಿ ಬೀದಿಗಿಳಿದಾಗ ಸರ್ಕಾರ ಮಾತುಕತೆಗೆ ಕರೆಯಿತು. ಬರೀ ಓದಿಕೊಂಡು ಕೂತವರಾಗಿದ್ದರೆ ಕರೆಯುತ್ತಿತ್ತೇ?

ಹಾಗಾದರೆ ಕಾನೂನು ಇಲ್ಲವೇ ಎಂದರೆ, ಇದೆ. ಕೇಂದ್ರ ಆರೋಗ್ಯ ಸಚಿವಾಲಯದ 1992ರ ರೆಸಿಡೆನ್ಸಿ ನಿರ್ದೇಶನದ ಪ್ರಕಾರ ರೆಸಿಡೆಂಟ್ ವೈದ್ಯರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಆಗ ನಾನು ಹುಟ್ಟಿರಲಿಲ್ಲ. ಮೂರು ದಶಕ ದಾಟಿದ ಮೇಲೆ ಬಂದ ಆಯೋಗದ ಸ್ನಾತಕೋತ್ತರ ನಿಯಮಾವಳಿ, ಅಂದರೆ 2023ರ ಹೆಸರಿನಲ್ಲಿ ಹೊರಬಂದದ್ದು, ಪಿಜಿಗಳು ‘ಸಮಂಜಸವಾದ’ ಗಂಟೆ ಕೆಲಸ ಮಾಡತಕ್ಕದ್ದು, ಅವರಿಗೆ ‘ಸಮಂಜಸವಾದ’ ವಿಶ್ರಾಂತಿ ಕೊಡತಕ್ಕದ್ದು ಎನ್ನುತ್ತದೆ. ಸಾಹಿತ್ಯ ಓದುವವರಾಗಿ ನಾವು ಪದಗಳ ಅನುಮಾನ ಕಲಿತವರು. 1992ರಲ್ಲಿ ‘ಸಾಮಾನ್ಯವಾಗಿ’ ಎಂಬ ಪದದ ಜೊತೆಗಾದರೂ ಒಂದು ಅಂಕಿ ಇತ್ತು. 2023ಕ್ಕೆ ಅಂಕಿಯೂ ಹೋಗಿ ‘ಸಮಂಜಸ’ ಮಾತ್ರ ಉಳಿಯಿತು. ಯಾರಿಗೆ ಸಮಂಜಸ ಎನ್ನುವುದನ್ನು ತೀರ್ಮಾನಿಸುವವರು ಯೂನಿಟ್ ಚೀಫ್. ಈಗ ಕಾರ್ಯಪಡೆಯ ವರದಿಯಲ್ಲಿ ಅಂಕಿ ಮರಳಿ ಬಂದಿದೆ, ಆದರೆ 48 ಇದ್ದದ್ದು 74 ಆಗಿ. ಅದೂ ಶಿಫಾರಸಿನ ರೂಪದಲ್ಲಿ. ಮಿಲ್ಲಿನಲ್ಲಿ ಮಗ್ಗ ನಡೆಸುವವರಿಗೆ ವಾರಕ್ಕೆ 48 ಗಂಟೆ ಎಂದು 1948ರ ಕಾರ್ಖಾನೆ ಕಾಯ್ದೆಯೇ ಗೆರೆ ಎಳೆದಿತ್ತು. ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿದ್ದ ದೇಶಕ್ಕೆ ಹೊಳೆದದ್ದು ಇಂದಿನ ವೈದ್ಯಕೀಯ ಶಿಕ್ಷಣಕ್ಕೆ ಹೊಳೆಯುತ್ತಿಲ್ಲ.

ನನ್ನ ಪಿಯುಸಿ ಗೆಳತಿಯೊಬ್ಬಳು ಸರ್ಕಾರಿ ಕಾಲೇಜೊಂದರಲ್ಲಿ ಎಂಡಿ ಮಾಡುತ್ತಿದ್ದಾಳೆ. ಅವಳ ಅಡ್ಮಿಷನ್ ದಿನದ ಲೆಕ್ಕ ಹೀಗಿದೆ. ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿ ರಕ್ತದ ಸ್ಯಾಂಪಲ್ ತೆಗೆಯುವುದು, ಒಂಬತ್ತಕ್ಕೆ ರೌಂಡ್ಸ್, ಆಮೇಲೆ ಒಪಿಡಿ, ಮಧ್ಯಾಹ್ನದ ಮೇಲೆ ಹೊಸ ರೋಗಿಗಳು, ಇಡೀ ರಾತ್ರಿ ಕ್ಯಾಶುವಾಲ್ಟಿ ಮತ್ತು ವಾರ್ಡಿನ ನಡುವೆ ಓಡಾಟ, ಬೆಳಗಾದರೆ ಮತ್ತೆ ಸ್ಯಾಂಪಲ್, ಮತ್ತೆ ರೌಂಡ್ಸ್, ಡಿಸ್ಚಾರ್ಜ್ ಸಮ್ಮರಿಗಳು, ವಿಮಾ ಯೋಜನೆಯ ಫಾರಂಗಳು. ಬಿಡುವುದು ಸಂಜೆ ಐದಕ್ಕೆ. ಒಟ್ಟು 34 ಗಂಟೆ. ಇದರಲ್ಲಿ ಕಲಿತದ್ದೆಷ್ಟು ಹೊತ್ತು ಎಂದು ಕೇಳಿದೆ. ಯೋಚಿಸಿ, ಎರಡೂವರೆ ಗಂಟೆ ಅಂದಳು. “ಕೇಸ್ ನೋಡ್ತಾ ಕಲೀತೀವಿ ಅನ್ನೋದು ನಿಜಾನೇ ಕಣೋ. ಆದ್ರೆ ಬ್ಲಡ್ ಬ್ಯಾಂಕಿಗೆ ಏಳನೇ ಸಲ ಓಡಿದಾಗ ಏನು ಕಲೀತೀನಿ ಹೇಳು? ಲಿಫ್ಟ್ ಕೆಟ್ಟಿದೆ ಅಂತ ಕಲೀತೀನಿ.” ಟ್ರಾಲಿ ತಳ್ಳುವವರ ಹುದ್ದೆ ಖಾಲಿ, ಲ್ಯಾಬಿಗೆ ಸ್ಯಾಂಪಲ್ ಒಯ್ಯುವವರಿಲ್ಲ, ನರ್ಸ್‌ಗಳು ಸಾಲುತ್ತಿಲ್ಲ, ರಾತ್ರಿ ಡೇಟಾ ಎಂಟ್ರಿಗೆ ಯಾರೂ ಇಲ್ಲ. ಈ ಎಲ್ಲ ಖಾಲಿ ಹುದ್ದೆಗಳನ್ನೂ ಒಬ್ಬ ಫಸ್ಟ್ ಇಯರ್ ಪಿಜಿ ತುಂಬುತ್ತಾರೆ. ಅದಕ್ಕೆ ತರಬೇತಿ ಎಂದು ಹೆಸರು.

ರೋಗಿಗಳು ಹೆಚ್ಚು, ವೈದ್ಯರು ಕಡಿಮೆ, ಬಡವರಿಗೆ ಬೇರೆ ಗತಿ ಇಲ್ಲ, ಪಿಜಿಗಳು ಗಂಟೆ ನೋಡುತ್ತ ಕೂತರೆ ಅವರ ಗತಿಯೇನು ಎನ್ನುವವರಿದ್ದಾರೆ. ಇದು ಹಗುರವಾದ ಮಾತಲ್ಲ. ಆದರೆ ಆ ಬಡ ರೋಗಿಯ ಹೆಸರು ಹೇಳಿಯೇ ಮಾತಾಡುವುದಾದರೆ, ಅವರ ಮೈಮೇಲೆ ಸೂಜಿ ಚುಚ್ಚುವ ಕೈ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಎಂದೂ ಕೇಳಬೇಕು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಡಾಸನ್ ಮತ್ತು ರೀಡ್ ಅವರ ಪ್ರಯೋಗದ ಪ್ರಕಾರ 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ, 24 ಗಂಟೆಯಾದರೆ ಶೇ. 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ. 0.03. ಶನಿವಾರ ರಾತ್ರಿ ಎಂ.ಜಿ. ರಸ್ತೆಯಲ್ಲಿ ಪೊಲೀಸರು ಬಾಯಿಗೆ ಯಂತ್ರ ಹಿಡಿದು ಊದಿಸುವಾಗ ಅದರ ಮೂರು ಪಟ್ಟು ಅಮಲಿಗೆ ಸಮನಾದ ಸ್ಥಿತಿಯಲ್ಲಿರುವ ಒಬ್ಬರು ಅದೇ ನಗರದ ಯಾವುದೋ ಲೇಬರ್ ವಾರ್ಡಿನಲ್ಲಿ ಹೆರಿಗೆ ಮಾಡಿಸುತ್ತಿರುತ್ತಾರೆ. 2004ರಲ್ಲಿ ಅಮೆರಿಕದ ಐಸಿಯುಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, 24 ಗಂಟೆ ಮೀರುವ ಹಳೆಯ ಪಾಳಿಯಲ್ಲಿದ್ದ ಇಂಟರ್ನ್‌ಗಳು ಪಾಳಿ ಮೊಟಕು ಮಾಡಿದ ವ್ಯವಸ್ಥೆಗಿಂತ ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರು. ಇಲ್ಲಿ ಹಿರಿಯ ವೈದ್ಯರು ಎತ್ತುವ ಪ್ರತಿವಾದವೊಂದಿದೆ. ಆಮೇಲೆ ಅಮೆರಿಕದಲ್ಲೇ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಪಾಳಿಯ ಉದ್ದವನ್ನು ಸಡಿಲಿಸಿದರೂ ರೋಗಿಗಳ ಸಾವು ಹೆಚ್ಚಾಗಲಿಲ್ಲ ಎನ್ನುತ್ತಾರೆ. ನಿಜ. ಆದರೆ ಆ ಎರಡರಲ್ಲೂ ವಾರದ ಒಟ್ಟು ಮಿತಿ 80 ಗಂಟೆ ಕಟ್ಟುನಿಟ್ಟಾಗಿತ್ತು, ವಾರಕ್ಕೊಂದು ರಜೆಯ ನಿಯಮವೂ ಇತ್ತು. ನಮ್ಮಲ್ಲಿ ಆ ಸಂಶೋಧನೆಯ ತೀರ್ಮಾನ ಬೇಕು, ಅದರ ಷರತ್ತುಗಳು ಬೇಡ.

ಅಮೆರಿಕಕ್ಕೆ ಆ 80 ಗಂಟೆಯೂ ಸುಮ್ಮನೆ ಬಂದದ್ದಲ್ಲ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಜ್ವರವೆಂದು ದಾಖಲಾದ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಒಂದು ದಿನದೊಳಗೆ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ ಕಿರಿಯ ವೈದ್ಯರು. ಪತ್ರಕರ್ತನಾಗಿದ್ದ ಅವಳ ಅಪ್ಪ ಆ ಕಿರಿಯರನ್ನಷ್ಟೇ ಬೈದು ಸುಮ್ಮನಾಗದೆ ಅವರನ್ನು ಆ ಸ್ಥಿತಿಗೆ ತಂದ ವ್ಯವಸ್ಥೆಯ ಬೆನ್ನು ಹತ್ತಿದ. ಐದು ವರ್ಷಗಳಲ್ಲಿ ನ್ಯೂಯಾರ್ಕ್ ರಾಜ್ಯ ಗಂಟೆಗೆ ಮಿತಿ ಹಾಕಿತು, 2003ರಲ್ಲಿ ಅದು ಇಡೀ ದೇಶಕ್ಕೆ ಬಂತು. ಯುರೋಪ್ ಇನ್ನೂ ಮುಂದೆ ಹೋಗಿ ಕಿರಿಯ ವೈದ್ಯರನ್ನೂ ವಾರಕ್ಕೆ ಸರಾಸರಿ 48 ಗಂಟೆಯ ಕಾನೂನಿನೊಳಗೆ ತಂದಿತು. ನಮ್ಮಲ್ಲಿ ರೋಗಿಯ ಕಡೆಯವರ ಸಿಟ್ಟು ಕ್ಯಾಶುವಾಲ್ಟಿಯ ಬಾಗಿಲಲ್ಲಿ ಎದುರಿಗೆ ಸಿಕ್ಕ ಪಿಜಿಯ ಕೆನ್ನೆಯ ಮೇಲೆ ಮುಗಿಯುತ್ತದೆ. ಆ ಪಿಜಿ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಾರೆ ಎಂದು ಯಾವ ರೋಗಿಯ ಅಪ್ಪನೂ ಕೋರ್ಟಿನಲ್ಲಿ ಕೇಳಿದ್ದು ನನ್ನ ಗಮನಕ್ಕೆ ಬಂದಿಲ್ಲ.

2025ರ ಡಿಸೆಂಬರ್‌ನಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪನಿಯ ಸಾವಿರಾರು ಹಾರಾಟಗಳು ರದ್ದಾದವು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ, ರಾತ್ರಿ ಹಾರಾಟಕ್ಕೆ ಮಿತಿ ಹಾಕಿದ ನಿಯಮಕ್ಕೆ ಕಂಪನಿ ಸಿದ್ಧವಾಗಿರಲಿಲ್ಲ. ಕೆಂಪೇಗೌಡ ನಿಲ್ದಾಣದಲ್ಲಿ ಸೂಟ್‌ಕೇಸುಗಳ ನಡುವೆ ಕೂತು ಬೈದವರೂ ಕಂಪನಿಯನ್ನು ಬೈದರೇ ಹೊರತು, ಪೈಲಟ್ ನಿದ್ದೆಗಣ್ಣಲ್ಲೇ ಹಾರಿಸಲಿ ಎಂದು ಯಾರೂ ಹೇಳಲಿಲ್ಲ. ವಿಮಾನದಲ್ಲಿ ನಾವೇ ಕೂತಿರುತ್ತೇವಲ್ಲ.

ಇನ್ನು ‘ನಮ್ಮ ಕಾಲದಲ್ಲಿ’ ಎಂಬ ಮಾತು. ಪ್ರತಿ ವಿಭಾಗದಲ್ಲೂ ಮೂರು ದಿನ ಮನೆಗೆ ಹೋಗದೆ ದುಡಿದ ಕತೆ ಹೇಳುವ ಪ್ರೊಫೆಸರ್ ಒಬ್ಬರಿರುತ್ತಾರೆ. ಅವರ ಕಾಲದಲ್ಲಿ ವಾರ್ಡಿಗೆ ಬರುತ್ತಿದ್ದ ರೋಗಿಗಳೆಷ್ಟು, ಮಾಡಬೇಕಿದ್ದ ಪರೀಕ್ಷೆಗಳೆಷ್ಟು, ತುಂಬಬೇಕಿದ್ದ ಫಾರಂಗಳೆಷ್ಟು ಎನ್ನುವುದು ಕತೆಯಲ್ಲಿ ಬರುವುದಿಲ್ಲ. ಆ ಮೂರು ದಿನದಲ್ಲಿ ಅವರ ಕೈಯಿಂದ ಏನೇನಾಯಿತು ಎನ್ನುವುದಂತೂ ಬರುವುದೇ ಇಲ್ಲ. ಅತ್ತೆಯಿಂದ ಪಟ್ಟ ಪಾಡನ್ನು ಸೊಸೆಗೆ ದಾಟಿಸುವ ಮನೆಯ ರೀತಿ ಇದು. ‘ರೆಸಿಡೆಂಟ್’ ಎಂಬ ಪದವೇ ಆಸ್ಪತ್ರೆಯೊಳಗೇ ವಾಸ ಮಾಡುತ್ತಿದ್ದವರಿಂದ ಬಂದದ್ದು. (ಬೆಂಗಳೂರಿನ ಬಾಡಿಗೆ ಭಾಷೆಯಲ್ಲೂ ‘ಪಿಜಿ’ ಎಂದರೆ ವಾಸದ ಜಾಗವೇ, ಅದೊಂದು ಕಾಕತಾಳೀಯ.) ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಈ ತರಬೇತಿ ಕ್ರಮವನ್ನು ಕಟ್ಟಿದವರು ವಿಲಿಯಂ ಹಾಲ್‌ಸ್ಟೆಡ್. ಮಹಾ ಪ್ರತಿಭಾವಂತರು. ಸ್ಥಳೀಯ ಅರಿವಳಿಕೆಗಾಗಿ ತಮ್ಮ ಮೇಲೇ ಕೊಕೇನ್ ಪ್ರಯೋಗ ಮಾಡಿಕೊಂಡು ಅದರ ಚಟಕ್ಕೆ ಬಿದ್ದರು, ಆಮೇಲೆ ಮಾರ್ಫಿನ್‌ಗೆ. ಜಗತ್ತಿನ ಕಿರಿಯ ವೈದ್ಯರೆಲ್ಲ ಹೀಗೇ ದಣಿವರಿಯದೆ ದುಡಿಯಬೇಕೆಂಬ ಮಾದರಿ ಶುರುವಾದದ್ದು ಇವರ ವಾರ್ಡಿನಲ್ಲಿ. ವೈದ್ಯರನ್ನು ನಾರಾಯಣನ ಪಟ್ಟಕ್ಕೆ ಏರಿಸುವ ನಮ್ಮ ಅಭ್ಯಾಸ ಇದಕ್ಕೆ ಚೆನ್ನಾಗಿ ಹೊಂದಿಕೊಂಡಿತು, ದೇವರಿಗೆ ನಿದ್ದೆ ಊಟದ ಹಂಗಿಲ್ಲವಾದ್ದರಿಂದ.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಪಿಜಿ ವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯಾದಾಗ ದೇಶವೇ ಬೀದಿಗೆ ಬಂತು. ಸತತ 36 ಗಂಟೆಗಳ ಪಾಳಿಯಲ್ಲಿದ್ದ ಆಕೆ ಆ ರಾತ್ರಿ ಮಲಗಲು ಹೋದದ್ದು ಸೆಮಿನಾರ್ ಹಾಲಿಗೆ ಎಂದು ಎಲ್ಲ ಪತ್ರಿಕೆಗಳೂ ಬರೆದವು. ಆಮೇಲಿನ ಚರ್ಚೆಯೆಲ್ಲ ಸಿಸಿಟಿವಿ, ಸೆಕ್ಯುರಿಟಿ, ಮರಣದಂಡನೆಯ ಸುತ್ತ ನಡೆಯಿತು. ಅಪರಾಧ ಮಾಡಿದವನಿಗೆ ಶಿಕ್ಷೆಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 36 ಗಂಟೆ ದುಡಿದ ಹೆಣ್ಣುಮಗಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಯಾಕಿರಲಿಲ್ಲ, 36 ಗಂಟೆ ಯಾಕಿತ್ತು ಎನ್ನುವ ಎರಡು ಪ್ರಶ್ನೆಗಳು ಆ ಗದ್ದಲದಲ್ಲಿ ಹಿಂದೆ ಬಿದ್ದವು. ನಮ್ಮ ಜಿಲ್ಲಾ ಕೇಂದ್ರಗಳ ವೈದ್ಯಕೀಯ ಕಾಲೇಜುಗಳಲ್ಲಿ ಮಹಿಳಾ ಡ್ಯೂಟಿ ಡಾಕ್ಟರ್ ಕೋಣೆ ಎಲ್ಲಿದೆ, ಅದಕ್ಕೆ ಚಿಲಕ ಇದೆಯೇ, ನೀರು ಬರುತ್ತದೆಯೇ ಎಂದು ಒಮ್ಮೆ ಯಾರಾದರೂ ಪಟ್ಟಿ ಮಾಡಬೇಕು.

ದಣಿವು ಎಲ್ಲರಿಗೂ ಒಂದೇ ಎಂದು ಇಲ್ಲಿಯವರೆಗೆ ಬರೆದಂತೆ ಕಂಡರೆ ಅದು ಪೂರ್ತಿ ಸರಿಯಲ್ಲ. ಡ್ಯೂಟಿ ಪಟ್ಟಿಗೂ ಜಾತಿ ಇದೆ. ವೈದ್ಯಕೀಯ ಹಾಸ್ಟೆಲ್‌ಗಳಲ್ಲಿ ‘ನಿನ್ನ ರ‍್ಯಾಂಕ್ ಎಷ್ಟು?’ ಎನ್ನುವುದು ಅಂಕದ ಪ್ರಶ್ನೆಯಲ್ಲ, ನೀನು ಯಾವ ಕೋಟಾ ಎನ್ನುವುದರ ಸಭ್ಯ ರೂಪ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ಸ್ಥಿತಿಯನ್ನು ನೋಡಿದ ಸುಖದೇವ್ ಥೋರಟ್ ಸಮಿತಿ 2007ರಲ್ಲೇ ಇದನ್ನೆಲ್ಲ ಬರೆದಿಟ್ಟಿತ್ತು, ಹಾಸ್ಟೆಲಿನಲ್ಲಿ ಅವರು ಒಂದು ಕಡೆಗೆ ಸರಿದುಕೊಳ್ಳಬೇಕಾಗಿ ಬಂದದ್ದನ್ನೂ ಸೇರಿಸಿ. 2019ರ ಮೇ 22ರಂದು ಮುಂಬೈಯಲ್ಲಿ ಪಾಯಲ್ ತಡ್ವಿ ತೀರಿಕೊಂಡರು. ಭಿಲ್ ಆದಿವಾಸಿ ಸಮುದಾಯದಿಂದ ಬಂದು ಸ್ತ್ರೀರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದವರು. ಮೂವರು ಹಿರಿಯ ವೈದ್ಯೆಯರ ಮೇಲೆ ಜಾತಿ ಕಿರುಕುಳದ ಆರೋಪದ ಮೊಕದ್ದಮೆ ದಾಖಲಾಯಿತು. ಅದೇ ವರ್ಷ ಪಾಯಲ್ ಅವರ ತಾಯಿ ಅಬೇದಾ ತಡ್ವಿ ಮತ್ತು ರೋಹಿತ್ ವೇಮುಲ ಅವರ ತಾಯಿ ರಾಧಿಕಾ ವೇಮುಲ ಒಟ್ಟಿಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಒಂದು ಯೂನಿಟ್‌ನಲ್ಲಿ ಯಾರಿಗೆ ಆಪರೇಷನ್ ಥಿಯೇಟರ್, ಯಾರಿಗೆ ಬರೀ ವಾರ್ಡಿನ ಗುಮಾಸ್ತಿಕೆ ಎಂದು ನಿರ್ಧರಿಸುವವರು ಹಿರಿಯರು. ಗಂಟೆಗಳಿಗೆ ಲೆಕ್ಕವಿಲ್ಲದ ಕಡೆ ಈ ಹಂಚಿಕೆಗೂ ಲೆಕ್ಕವಿರುವುದಿಲ್ಲ. ‘ಕೆಲಸ ಕಲಿಸುತ್ತಿದ್ದೆವು’ ಎನ್ನುವುದರ ಮರೆಯಲ್ಲಿ ಯಾವ ಕಿರುಕುಳವನ್ನಾದರೂ ಅಡಗಿಸಬಹುದು. ಬರೆದಿಟ್ಟ ಡ್ಯೂಟಿ ಪಟ್ಟಿ ಇದಕ್ಕೆ ಪೂರ್ತಿ ಮದ್ದಲ್ಲ, ಆದರೆ ಸಾಕ್ಷ್ಯವಾದರೂ ಆದೀತು.

ಪದವಿ ವಿದ್ಯಾರ್ಥಿಗಳ ಸಂಕಟ ಬೇರೆ ಬಗೆಯದು. ಅವರಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ಸಮಸ್ಯೆಯೊಂದು ಪತ್ತೆಯಾಗಿದೆ ಎಂದು ಸಮೀಕ್ಷೆಯಲ್ಲಿ ಹೇಳಿದ್ದಾರೆ. ಊರಿಗೆಲ್ಲ ಬ್ಯಾನರ್ ಕಟ್ಟಿಸಿಕೊಂಡು ಬಂದ, ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಹುಡುಗನೊಬ್ಬ ಅನಾಟಮಿಯ ಮೊದಲ ಇಂಟರ್ನಲ್‌ನಲ್ಲಿ ಫೇಲಾದ ದಿನ ಮನೆಗೆ ಫೋನ್ ಮಾಡಿ ಊಟ ಚೆನ್ನಾಗಿದೆ ಎಂದಷ್ಟೇ ಹೇಳಿ ಇಡುತ್ತಾನೆ. ಮೊದಲ ವರ್ಷ ದಾಟಲು ಇರುವುದು ನಾಲ್ಕೇ ಅವಕಾಶ. ಕನ್ನಡ ಮಾಧ್ಯಮದವರಿಗೆ ಸೀಟಿನಲ್ಲಿ ಮೀಸಲು ಕೊಡುವ ಸರ್ಕಾರ, ಸೀಟು ಕೊಟ್ಟ ಮೇಲೆ ಅವರ ಕೈಯಲ್ಲಿ ಇಂಗ್ಲಿಷಿನ ದಪ್ಪ ಪುಸ್ತಕವಿಟ್ಟು ಮರೆತುಬಿಡುತ್ತದೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಇಷ್ಟೆಲ್ಲ ಆಗುವಾಗ ಇವರು ಪಕ್ಕದ ಕಟ್ಟಡದಲ್ಲೇ ಇರುವ ಮನೋವೈದ್ಯ ವಿಭಾಗಕ್ಕೆ ಯಾಕೆ ಹೋಗುವುದಿಲ್ಲ? ಕನ್ನಡದ ಮಟ್ಟಿಗೆ ಮನಸ್ಸಿನ ಕಾಯಿಲೆಯ ಬಗ್ಗೆ ಜನರ ಭಾಷೆಯಲ್ಲಿ ಬರೆದವರು ವೈದ್ಯರೇ. ‘ಕೊರವಂಜಿ’ಯ ರಾಶಿಯವರು ‘ಮನ ಮಂಥನ’ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಶಿವಮೊಗ್ಗದ ಅಶೋಕ್ ಪೈ, ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಅವರನ್ನು ಓದಿ ತಮ್ಮ ಮನೆಯವರನ್ನು ದೆವ್ವ ಬಿಡಿಸುವವರ ಬದಲು ಡಾಕ್ಟರ ಹತ್ತಿರ ಕರೆದೊಯ್ದವರು ಸಾವಿರಾರು. ಊರಿಗೆಲ್ಲ ನಾಚಿಕೆ ಬೇಡ ಎಂದ ವೃತ್ತಿಯೊಳಗೇ ಆ ನಾಚಿಕೆ ಉಳಿದಿದೆ. ಅದಕ್ಕೆ ಕಾರಣವೂ ಇದೆ. ಒಪಿಡಿಯಲ್ಲಿ ಎದುರಿಗೆ ಕೂರುವವರು ನಿಮಗೆ ಪಾಠ ಮಾಡುವವರು, ಚೀಟಿ ಬರೆಯುವ ಇಂಟರ್ನ್ ನಿಮ್ಮ ಜೂನಿಯರ್, ನಿಮ್ಮ ಫೈಲು ಹಿಡಿದು ಓಡಾಡುವವರು ನಿಮ್ಮ ಹಾಸ್ಟೆಲಿನವರು. ಸಂಜೆಯೊಳಗೆ ಮೆಸ್ಸಿನಲ್ಲಿ ಸುದ್ದಿ. ಬಿಟ್ಟು ಹೋಗೋಣವೆಂದರೆ ಸೀಟು ಬಿಡುವ ಬಾಂಡಿನ ಲಕ್ಷಗಟ್ಟಲೆ ದಂಡ ಕುತ್ತಿಗೆಗೆ ಕೂತಿರುತ್ತದೆ. ಕೆಲವು ರಾಜ್ಯಗಳಲ್ಲಿ ಅದು 50 ಲಕ್ಷದವರೆಗೂ ಇತ್ತು. ಅದನ್ನು ಕೈಬಿಡಿ ಎಂದು ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳಿಗೆ ಬರೆಯಬೇಕಾಯಿತು. ಇದನ್ನು ಓದುತ್ತಿರುವ ವೈದ್ಯ ವಿದ್ಯಾರ್ಥಿಗಳಿಗೆ ಒಂದು ಮಾತು: ಕಾಲೇಜಿನ ಹೊರಗೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ, ಹೆಸರು ಹೇಳಲೇಬೇಕೆಂದಿಲ್ಲ. ಗಂಟೆ ಕಡಿಮೆಯಾಗುವವರೆಗೆ ಕಾಯಬೇಡಿ, ಅದು ಬೇಗ ಆಗುವ ಲಕ್ಷಣವಿಲ್ಲ.

ಬೇಗ ಆಗದಿರಲು ಹಣವೊಂದೇ ಕಾರಣವಲ್ಲ. ಹುದ್ದೆ ತುಂಬಲು ಹಣ ಬೇಕು, ಒಪ್ಪೋಣ. ಆದರೆ ಈಗಿರುವ ಗಂಟೆಗಳನ್ನು ಎಣಿಸಲು ಹಣ ಬೇಕಿಲ್ಲ. ಅಧ್ಯಾಪಕರು ಕಾಲೇಜಿಗೆ ಬರುತ್ತಾರೋ ಇಲ್ಲವೋ ಎಂದು ಹಿಡಿಯಲು ಆಯೋಗ ಆಧಾರ್ ಜೋಡಿಸಿದ ಬೆರಳಚ್ಚಿನ ಹಾಜರಿ ತಂದಿತು. 2025ರ ಮೇ ತಿಂಗಳಿಂದ ಅದು ಮುಖ ನೋಡಿ ಗುರುತಿಸುವ ಹಾಜರಿಯಾಯಿತು. ಮನುಷ್ಯ ಯಾವ ನಿಮಿಷಕ್ಕೆ ಎಲ್ಲಿದ್ದ ಎಂದು ತಿಳಿಯುವ ತಂತ್ರಜ್ಞಾನವೂ ಅಧಿಕಾರವೂ ಆಯೋಗಕ್ಕೆ ಇದೆ ಎಂದಾಯಿತು. ಅದನ್ನೇ ಪಿಜಿಗಳ ಒಳಬರುವ ಮತ್ತು ಹೊರಹೋಗುವ ಹೊತ್ತಿಗೆ ಜೋಡಿಸಬಹುದು. ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಕಳೆದ ತಿಂಗಳು ಎಷ್ಟು ಜನ ಸತತ 24 ಗಂಟೆ ದಾಟಿದರು ಎಂಬ ಪಟ್ಟಿಯನ್ನು, ಹೆಸರಿಲ್ಲದೆ, ಕಾಲೇಜಿನ ಜಾಲತಾಣದಲ್ಲಿ ಶುಲ್ಕದ ವಿವರದ ಪಕ್ಕದಲ್ಲೇ ಹಾಕಬಹುದು. ಸೀಟು ಆಯ್ದುಕೊಳ್ಳುವವರು ನೋಡಿಕೊಂಡು ಆಯ್ದುಕೊಳ್ಳುತ್ತಾರೆ, ಮಿತಿ ಮೀರಿದ ವಿಭಾಗಕ್ಕೆ ಮುಂದಿನ ವರ್ಷ ಸೀಟು ಕಡಿತ ಮಾಡಬಹುದು. ಸೀಟಿನ ಮಾತು ಬಂದರೆ ಕಾಲೇಜುಗಳು ಎಷ್ಟು ಬೇಗ ಮೈಮುರಿದು ಏಳುತ್ತವೆ ಎಂದು ಆಯೋಗಕ್ಕೆ ನಾನು ಹೇಳಿಕೊಡಬೇಕಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಇದಕ್ಕಾಗಿ ದೆಹಲಿಯ ಆದೇಶ ಕಾಯುತ್ತ ಕೂರಬೇಕಾಗಿಯೂ ಇಲ್ಲ, ತನ್ನ ಅಡಿಯ ಕಾಲೇಜುಗಳಿಂದ ಕಳೆದ ತಿಂಗಳ ಡ್ಯೂಟಿ ಪಟ್ಟಿಗಳನ್ನು ನಾಳೆಯೇ ತರಿಸಿಕೊಳ್ಳಬಹುದು. ಗೋಡೆಗೆ ಅಂಟಿಸಿದ ಪಟ್ಟಿಯೊಂದು, ನಿಜವಾಗಿ ನಡೆಯುವ ಪಟ್ಟಿ ಇನ್ನೊಂದು ಇರುತ್ತದೆ. ಎರಡನೆಯದು ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಸಿಗುತ್ತದೆ.